ಕಾಣದ ಗಾಳಿಯನ್ನು ಕಾಣಿಸುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ ವಿಜ್ಞಾನ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ಕಂಪ್ಯೂಟರ್ ಮತ್ತು ವಿಜ್ಞಾನ' ಎಂದು. ಅದು ಬಹಳ ದೊಡ್ಡದು. ನಾನು ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಒಂದೇ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ದೊಡ್ಡ ಕಂಪ್ಯೂಟರುಗಳು ಮಳೆ, ಗಾಳಿ, ಸಮುದ್ರದ ಲೆಕ್ಕ ಮಾಡಿ ಅಂಕಿಗಳ ರಾಶಿ ಹಾಕುತ್ತವೆ. ಆ ರಾಶಿಯಿಂದ ಮನುಷ್ಯನ ಕಣ್ಣಿಗೆ ತಿಳಿಯುವ ಚಿತ್ರ ಬರೆಯುವುದು ನನ್ನ ಕೆಲಸ. 'ನಿನ್ನ ಮಗ ಬೆಂಗಳೂರಾಗ ಏನ್ ಕೆಲಸ ಮಾಡ್ತಾನ?' ಎಂದು ಓಣಿಯವರು ಕೇಳಿದರೆ ನಮ್ಮ ಅವ್ವ 'ಮಳೀದು ಚಿತ್ರ ತೆಗಿತಾನ' ಎನ್ನುತ್ತಿದ್ದಳು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬಂದಿಲ್ಲ.

ಈ ಕೆಲಸದ ಮೊದಲ ಪಾಠ ನನಗೆ ಆಗಿದ್ದು ಯಾವ ಕಾಲೇಜಿನಲ್ಲೂ ಅಲ್ಲ, ಇದೇ ಶಾಲೆಯ ಎಂಟನೆಯ ತರಗತಿಯಲ್ಲಿ. ಸಮೋನ್ನತ ರೇಖೆ ಎಂದರೆ ಏನು ಎಂದು ನಮಗೆ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. ಭೂಗೋಳದ ಮಾಸ್ತರು ಒಂದು ದಿನ ನಮ್ಮಿಂದ ಎರೆಮಣ್ಣು ತರಿಸಿ, ಕಲಸಿ, ಎರಡು ತಲೆಯ ಒಂದು ಗುಡ್ಡ ಮಾಡಿಸಿದರು. ಅದನ್ನು ಟಬ್ಬಿನಲ್ಲಿಟ್ಟು ಒಂದು ಬೆರಳು ಎತ್ತರ ನೀರು ಹಾಕಿಸಿದರು. ನೀರಿನ ಅಂಚು ಗುಡ್ಡಕ್ಕೆ ಎಲ್ಲಿ ತಾಗುತ್ತದೋ ಅಲ್ಲಿ ಕಡ್ಡಿಯಿಂದ ಗೆರೆ ಎಳೆಯಿರಿ ಎಂದರು. ಮತ್ತೆ ಒಂದು ಬೆರಳು ನೀರು, ಮತ್ತೆ ಒಂದು ಗೆರೆ. ಮೂರನೆಯ ಸಲ ನೀರು ಏರಿದಾಗ ಗುಡ್ಡ ಎರಡು ನಡುಗಡ್ಡೆ ಆಯಿತು. ನೀರು ಚೆಲ್ಲಿ ಮೇಲಿನಿಂದ ನೋಡಿದರೆ ಪುಸ್ತಕದ ನಕಾಶೆಯಲ್ಲಿದ್ದ ಉಂಗುರದಂಥ ಗೆರೆಗಳೆಲ್ಲ ಮಣ್ಣಿನ ಮೇಲೆ ಇದ್ದವು. ಆ ಟಬ್ಬನ್ನು ನೆನಪಿನಲ್ಲಿಟ್ಟುಕೊಳ್ಳಿ. ಇನ್ನು ಅರ್ಧ ಗಂಟೆಯಲ್ಲಿ ಅದು ಎರಡು ಸಲ ಬೇಕಾಗುತ್ತದೆ.

ಈಗ ಕಂಪ್ಯೂಟರು ಮಳೆಯ ಲೆಕ್ಕ ಹೇಗೆ ಮಾಡುತ್ತದೆ ಎನ್ನುವುದು. ಗಾಳಿ ಹೇಗೆ ಚಲಿಸುತ್ತದೆ, ಬಿಸಿಯಾದರೆ ಏನಾಗುತ್ತದೆ, ಆವಿ ಯಾವಾಗ ಹನಿಯಾಗುತ್ತದೆ ಎನ್ನುವುದಕ್ಕೆ ಭೌತಶಾಸ್ತ್ರದ ಸಮೀಕರಣಗಳಿವೆ. ಆದರೆ ಇಡೀ ಆಕಾಶಕ್ಕೆ ಅವನ್ನು ಒಂದೇ ಸಲ ಬಿಡಿಸಲು ಬರುವುದಿಲ್ಲ. ಅದಕ್ಕೆ ಭೂಮಿಯ ಮೇಲೆ ಚೌಕಗಳನ್ನು ಹಾಕಿ, ಒಂದರ ಮೇಲೊಂದು ಪದರ ಕಟ್ಟಿ, ಆಕಾಶವನ್ನೇ ಡಬ್ಬಿಗಳಾಗಿ ಮಾಡಿಕೊಳ್ಳುತ್ತಾರೆ. ಪ್ರತಿ ಡಬ್ಬಿಯಲ್ಲೂ ಉಷ್ಣತೆ, ಒತ್ತಡ, ತೇವ, ಗಾಳಿಯ ವೇಗ ಇಷ್ಟಿಷ್ಟು ಎಂದು ಬರೆದುಕೊಂಡು, ಇನ್ನು ಕೆಲವು ನಿಮಿಷದ ನಂತರ ಎಷ್ಟಾಗುತ್ತದೆ ಎಂದು ಪಕ್ಕದ ಡಬ್ಬಿಗಳನ್ನು ನೋಡಿ ಲೆಕ್ಕ ಹಾಕುವುದು. ಹೀಗೆ ಹತ್ತು ದಿನದವರೆಗೆ ಮುಂದೆ ಹೋಗುವುದು.

ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ 1922ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದ. 1910ರ ಮೇ 20ನೆಯ ತಾರೀಖಿನ ಹವೆಯನ್ನು ಕೈಯಿಂದಲೇ ಲೆಕ್ಕ ಹಾಕಿ ನೋಡಿದ. ಆರು ಗಂಟೆಯಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಉತ್ತರ ಬಂತು. ಅಷ್ಟೆಲ್ಲ ಏರುವುದು ನಿಜದಲ್ಲಿ ಆಗುವ ಮಾತಲ್ಲ. ಆ ದಿನ ನಿಜವಾಗಿ ಒತ್ತಡ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಆದರೂ ಆತ ತಪ್ಪು ಉತ್ತರವನ್ನು ಮುಚ್ಚಿಡದೆ ಪುಸ್ತಕದಲ್ಲಿ ಅಚ್ಚು ಹಾಕಿಸಿದ. 64,000 ಜನ ಒಂದು ದೊಡ್ಡ ಸಭಾಂಗಣದಲ್ಲಿ ಕುಳಿತು ಲೆಕ್ಕ ಮಾಡಿದರೆ ಹವೆ ಬರುವುದಕ್ಕೆ ಮೊದಲೇ ಉತ್ತರ ಬರಬಹುದು ಎಂದು ಕನಸು ಕಂಡ. ಗಣಿತದ ಪರೀಕ್ಷೆಯಲ್ಲಿ ಉತ್ತರ ತಪ್ಪಾದರೂ ಬಿಡಿಸಿದ ರೀತಿಗೆ ಅಂಕ ಕೊಡಿ ಎಂದು ಜಗಳ ಮಾಡುವ ಮಕ್ಕಳು ಈ ರಿಚರ್ಡ್‌ಸನ್‌ನ ಹೆಸರನ್ನು ಬರೆದಿಟ್ಟುಕೊಳ್ಳಬೇಕು.

ಇಂದು ಆ ಸಭಾಂಗಣದ ಜಾಗದಲ್ಲಿ ಸೂಪರ್ ಕಂಪ್ಯೂಟರುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, 2022ರಲ್ಲಿ 'ಪರಮ್ ಪ್ರವೇಗ' ಬಂತು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಸಾವಿರ ಲಕ್ಷ ಕೋಟಿ ಲೆಕ್ಕ. ಹವಾಮಾನಕ್ಕೆಂದೇ ಪುಣೆಯಲ್ಲಿ 'ಅರ್ಕ', ನೋಯ್ಡಾದಲ್ಲಿ 'ಅರುಣಿಕಾ' ಎಂಬ ಯಂತ್ರಗಳು 2024ರಲ್ಲಿ ಬಂದವು. ಮೊದಲು ಹನ್ನೆರಡು ಕಿಲೋಮೀಟರ್ ಚೌಕದಲ್ಲಿ ಮುನ್ಸೂಚನೆ ಮಾಡುತ್ತಿದ್ದರು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಆರು ಕಿಲೋಮೀಟರ್ ಚೌಕ. ಇದು ನಮಗೇನು? ನಮ್ಮ ಕಲಬುರಗಿ ಜಿಲ್ಲೆಯ ವಿಸ್ತೀರ್ಣ ಸುಮಾರು 10,950 ಚದರ ಕಿಲೋಮೀಟರ್. ಹನ್ನೆರಡರ ಚೌಕದಲ್ಲಿ ಇಡೀ ಜಿಲ್ಲೆಗೆ 76 ಮನೆ. ಆರರ ಚೌಕದಲ್ಲಿ 304. ಅಂದರೆ ಮೊದಲು ಕಪನೂರು, ಕಲಬುರಗಿ ಪೇಟೆ ಎಲ್ಲ ಒಂದೇ ಮನೆಯಲ್ಲಿ ಬೀಳಬಹುದಿತ್ತು. ಈಗ ಹುಮನಾಬಾದ್ ರಸ್ತೆಯ ಮೇಲೆ ಕಮಲಾಪುರಕ್ಕೆ ಹೋಗುವಷ್ಟರಲ್ಲಿ ನಾಲ್ಕೈದು ಮನೆ ದಾಟುತ್ತೇವೆ.

ಅಂಕಿಗಳು ಎಷ್ಟಾಗುತ್ತವೆ, ನೀವೇ ಗುಣಿಸಿ ನೋಡಿ. ಭೂಮಿಯ ಮೇಲ್ಮೈ 51 ಕೋಟಿ ಚದರ ಕಿಲೋಮೀಟರ್. ಇಡೀ ಭೂಮಿಗೆ ಆರು ಕಿಲೋಮೀಟರಿನ ಚೌಕ ಹಾಕಿದೆವು ಎಂದಿಟ್ಟುಕೊಂಡರೆ ಒಂದು ಪದರಕ್ಕೆ ಒಂದು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಮನೆ. ಅಂಥ 64 ಪದರ ಎಂದರೆ 90 ಕೋಟಿ ಡಬ್ಬಿ. ಪ್ರತಿ ಡಬ್ಬಿಗೆ ಆರು ಸಂಖ್ಯೆ, ಪ್ರತಿ ಸಂಖ್ಯೆಗೆ ನಾಲ್ಕು ಬೈಟ್, ಗಂಟೆಗೊಂದು ಸಲ ಬರೆದಿಡುವುದು, ಹತ್ತು ದಿನ. ಒಟ್ಟು ಐದು ಸಾವಿರ ಜಿ.ಬಿ. ದಾಟುತ್ತದೆ. ನಿಮ್ಮ ಅಣ್ಣಂದಿರ ಕೈಯಲ್ಲಿರುವ 128 ಜಿ.ಬಿ.ಯ ಫೋನು ನಲವತ್ತು ಬೇಕು, ಒಂದು ಫೋಟೋವನ್ನೂ ಇಡದೆ.

ಇನ್ನು ಕಂಪ್ಯೂಟರಿನ ಪರದೆ. ಸಾಮಾನ್ಯ ಪರದೆಯಲ್ಲಿ 1920ಕ್ಕೆ 1080ರಂತೆ ಸುಮಾರು 20 ಲಕ್ಷ 70 ಸಾವಿರ ಚುಕ್ಕೆಗಳು. ಡಬ್ಬಿ 90 ಕೋಟಿ, ಕುರ್ಚಿ 20 ಲಕ್ಷ. ಒಂದೊಂದು ಕುರ್ಚಿಗೆ ನಾನೂರು ಮೂವತ್ತಕ್ಕೂ ಹೆಚ್ಚು ಜನ! ಜಾತ್ರೆಯ ದಿನ ಶರಣಬಸವೇಶ್ವರ ಗುಡಿಯ ಕಡೆ ಹೋಗುವ ಬಸ್ಸಿನಲ್ಲೂ ಇಷ್ಟು ನೂಕುನುಗ್ಗಲು ಇರುವುದಿಲ್ಲ. ಹಾಗಾಗಿ ಚಿತ್ರ ಬರೆಯುವುದು ಎಂದರೆ ಯಾರನ್ನು ಕೂರಿಸಬೇಕು, ಯಾರನ್ನು ಇಳಿಸಬೇಕು ಎಂದು ತೀರ್ಮಾನ ಮಾಡುವುದೇ. ಅಲ್ಲಿಯೇ ಈ ಕೆಲಸದ ಸೊಗಸೂ ಇದೆ, ಅಪಾಯವೂ ಇದೆ.

ಮೊದಲ ದಾರಿ ಸುಲಭದ್ದು, ಕೊಯ್ದು ನೋಡುವುದು. ಕಲ್ಲಂಗಡಿ ಕೊಯ್ದ ಹಾಗೆ ಆಕಾಶದಿಂದ ಒಂದು ಹೋಳು ತೆಗೆದು ಬಣ್ಣ ಹಚ್ಚಿ ತೋರಿಸಬಹುದು. ಟಿ.ವಿ.ಯಲ್ಲಿ ನೀವು ನೋಡುವ ಮಳೆ ನಕಾಶೆಗಳು ಇಂಥವೇ.

ಎರಡನೆಯದು ನಮ್ಮ ಮಾಸ್ತರ ಟಬ್ಬು. ನೆಲದ ಮೇಲೆ ಒಂದೇ ಎತ್ತರದ ಜಾಗಗಳನ್ನು ಸೇರಿಸಿದರೆ ಗೆರೆ ಬರುತ್ತದೆ. ಆಕಾಶದಲ್ಲಿ ಒಂದೇ ತೇವವಿರುವ ಜಾಗಗಳನ್ನು ಸೇರಿಸಿದರೆ ಗೆರೆಯ ಬದಲು ಹಾಳೆ ಬರುತ್ತದೆ, ಮೋಡದ ಸಿಪ್ಪೆಯ ಹಾಗೆ. ಈ ಹಾಳೆಯನ್ನು ಬೇಗ ಹುಡುಕುವ ಉಪಾಯವನ್ನು 1987ರಲ್ಲಿ ಲೊರೆನ್ಸನ್ ಮತ್ತು ಕ್ಲೈನ್ ಎಂಬ ಇಬ್ಬರು ಪ್ರಕಟಿಸಿದರು. ಒಂದು ಡಬ್ಬಿಗೆ ಎಂಟು ಮೂಲೆ. ಪ್ರತಿ ಮೂಲೆಯೂ ಹಾಳೆಯ ಒಳಗೆ ಅಥವಾ ಹೊರಗೆ. ಎಂಟು ಮೂಲೆಗೆ ಎರಡೆರಡು ಸಾಧ್ಯತೆ ಎಂದರೆ 256 ಬಗೆ. ತಿರುಗಿಸಿ ಮಗುಚಿ ನೋಡಿದರೆ ನಿಜವಾಗಿ ಬೇರೆ ಬೇರೆ ಇರುವುದು ಹದಿನೈದೇ ಬಗೆ. ಆ ಹದಿನೈದರ ಪಟ್ಟಿ ಮಾಡಿಟ್ಟುಕೊಂಡು ಡಬ್ಬಿಯಿಂದ ಡಬ್ಬಿಗೆ ನಡೆಯುತ್ತ ಹೋದರೆ ಹಾಳೆ ಸಿದ್ಧ. ಅವರು ಇದನ್ನು ಮಾಡಿದ್ದು ಮಳೆಗಾಗಿ ಅಲ್ಲ, ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಲ್ಲಿ ಎಲುಬನ್ನು ಕಾಣಿಸಲು. ಎಲುಬಿಗೆ ಮಾಡಿದ ಲೆಕ್ಕ ಮೋಡಕ್ಕೂ ಒಪ್ಪಿತು.

ಗಾಳಿಗೆ ಬೇರೆ ದಾರಿ ಬೇಕು. ಗಾಳಿಗೆ ಬರಿಯ ಪ್ರಮಾಣ ಇಲ್ಲ, ದಿಕ್ಕೂ ಇದೆ. ಕಣದಲ್ಲಿ ತೊಗರಿ ತೂರುವುದನ್ನು ನೋಡಿದವರಿಗೆ ಇದು ಹೇಳಬೇಕಾಗಿಲ್ಲ. ಗಾಳಿ ಕಾಣುವುದಿಲ್ಲ, ಹೊಟ್ಟು ಹಾರುವುದು ಕಾಣುತ್ತದೆ. ನಾವೂ ಹಾಗೇ ಲೆಕ್ಕದ ಆಕಾಶದಲ್ಲಿ ಸಾವಿರಾರು ಸುಳ್ಳು ಹೊಟ್ಟಿನ ಕಣಗಳನ್ನು ಬಿಟ್ಟು, ಅವು ಎಲ್ಲಿಗೆ ಹಾರಿದವು ಎಂದು ಗೆರೆ ಎಳೆಯುತ್ತೇವೆ. ಎಲ್ಲಿ ಬಿಡಬೇಕು ಎನ್ನುವುದು ಮಾತ್ರ ಕಷ್ಟ. ಸುಳಿಯಿಂದ ನೂರು ಕಿಲೋಮೀಟರ್ ದೂರದಲ್ಲಿ ಬಿಟ್ಟರೆ ಸುಳಿ ಇದೆ ಎಂದೇ ಗೊತ್ತಾಗುವುದಿಲ್ಲ.

ಕಣದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಯಂತ್ರಗಳು ಲೆಕ್ಕ ಮಾಡುವ ವೇಗ ಎಷ್ಟು ಏರಿದೆಯೋ, ಅಂಕಿಗಳನ್ನು ಡಿಸ್ಕಿಗೆ ಬರೆಯುವ ವೇಗ ಅಷ್ಟು ಏರಿಲ್ಲ. ಹೊಲದ ತುಂಬ ಬೆಳೆ, ಊರಿಗೆ ಒಂದೇ ಬಂಡಿ. ಅದಕ್ಕೆ ಈಗ ದೊಡ್ಡ ಲೆಕ್ಕಗಳಲ್ಲಿ ಕಣದಲ್ಲೇ ತೂರುತ್ತಾರೆ. ಲೆಕ್ಕ ನಡೆಯುತ್ತಿರುವಾಗಲೇ, ಅಂಕಿ ಇನ್ನೂ ಯಂತ್ರದ ನೆನಪಿನಲ್ಲಿರುವಾಗಲೇ ಚಿತ್ರ ಬರೆದು, ಕಾಳನ್ನು ಮಾತ್ರ ಮನೆಗೆ ತಂದು ಕಣಿಕೆ ಅಲ್ಲೇ ಬಿಡುತ್ತಾರೆ. ಬಿಟ್ಟ ಮೇಲೆ 'ಅಯ್ಯೋ, ಆ ಮೂಲೆಯಲ್ಲಿ ಇನ್ನೇನೋ ಇತ್ತು' ಎಂದರೆ ಮತ್ತೆ ಸಿಗುವುದಿಲ್ಲ. ಎಷ್ಟೋ ರಾತ್ರಿ ನಾನು ಇದಕ್ಕಾಗಿ ಕೈ ಹಿಸುಕಿಕೊಂಡಿದ್ದೇನೆ.

ಈಗ ಬೆಂಗಳೂರಿನಲ್ಲಿ ನಡೆದ ಒಂದು ಕೆಲಸ ಹೇಳುತ್ತೇನೆ. ನನಗೆ ಬಹಳ ಇಷ್ಟವಾದದ್ದು, ನಮ್ಮ ಮಳೆಗೆ ಸಂಬಂಧ ಇದ್ದದ್ದು. ಅರಬ್ಬೀ ಸಮುದ್ರದ ನೀರು ಹೆಚ್ಚು ಉಪ್ಪು. ಬಂಗಾಳ ಕೊಲ್ಲಿಯ ಮೇಲ್ನೀರು ಕಡಿಮೆ ಉಪ್ಪು, ಏಕೆಂದರೆ ಗಂಗೆ, ಬ್ರಹ್ಮಪುತ್ರೆ, ಗೋದಾವರಿ, ನಮ್ಮ ಭೀಮೆಯನ್ನು ಕೂಡಿಸಿಕೊಂಡು ಹೋಗುವ ಕೃಷ್ಣೆ, ಎಲ್ಲ ಸಿಹಿನೀರನ್ನು ಅಲ್ಲಿಗೇ ಸುರಿಯುತ್ತವೆ. ಹಗುರವಾದ ಸಿಹಿನೀರು ಮೇಲೆ ಹೊದಿಕೆಯಂತೆ ತೇಲುತ್ತದೆ. ಮುಂಗಾರಿನಲ್ಲಿ ಶ್ರೀಲಂಕಾದ ದಕ್ಷಿಣವನ್ನು ಸುತ್ತಿ ಒಂದು ಪ್ರವಾಹ ಅರಬ್ಬೀ ಸಮುದ್ರದ ಉಪ್ಪುನೀರನ್ನು ಕೊಲ್ಲಿಯ ಒಳಗೆ ತರುತ್ತದೆ. ಉಪ್ಪುನೀರು ಭಾರ, ಅದು ಸಿಹಿನೀರಿನ ಅಡಿಯಲ್ಲಿ ನುಸುಳುತ್ತದೆ. ಸಮುದ್ರದ ಮೇಲ್ನೀರು ಎಷ್ಟು ಬಿಸಿಯಾಗಿರುತ್ತದೆ ಎನ್ನುವುದು ಈ ಮೇಲು-ಕೆಳಗಿನ ಜಗಳವನ್ನು ಅವಲಂಬಿಸಿದೆ. ಕೊಲ್ಲಿಯ ಬಿಸಿನೀರೇ ವಾಯುಭಾರ ಕುಸಿತಗಳ ಉರುವಲು. ಆ ಕುಸಿತಗಳೇ ನಮ್ಮ ಕಡೆ ಮಳೆ ತರುವವು. 2016ರ ಮುಂಗಾರಿನಲ್ಲಿ ವಿಜ್ಞಾನ ಸಂಸ್ಥೆಯ ಪ್ರೊ. ಪಿ.ಎನ್. ವಿನಯಚಂದ್ರನ್ ಮತ್ತು ಸಂಗಡಿಗರು 'ಸಿಂಧು ಸಾಧನಾ' ಎಂಬ ಹಡಗಿನಲ್ಲಿ ಹೋಗಿ ಈ ಉಪ್ಪುನೀರನ್ನು ಅಳೆದು ಬಂದರು.

ಹಡಗು ಒಂದು ಸಲಕ್ಕೆ ಒಂದೇ ಜಾಗದಲ್ಲಿರುತ್ತದೆ. ಇಡೀ ಕೊಲ್ಲಿಯಲ್ಲಿ ಉಪ್ಪುನೀರು ದಿನದಿಂದ ದಿನಕ್ಕೆ ಎಲ್ಲಿ ಹೋಯಿತು ಎಂದು ತಿಳಿಯಲು ಕಂಪ್ಯೂಟರ್ ಮಾದರಿಯ ಅಂಕಿಗಳೇ ಬೇಕು. ಚಿತ್ರದಲ್ಲಿ ಹಾಕಿದರೆ ಕಾಣುವುದು ಒಂದು ಮಸುಕು ಮುದ್ದೆ. ದಿನವೂ ಆಕಾರ ಬದಲಿಸುವ ಮುದ್ದೆ ಎಷ್ಟು ದೂರ ಹೋಯಿತು ಎಂದು ಹೇಗೆ ಹೇಳುವುದು? ಅದೇ ಸಂಸ್ಥೆಯ ಗಣಕ ವಿಜ್ಞಾನ ವಿಭಾಗದಲ್ಲಿ ಪ್ರೊ. ವಿಜಯ್ ನಟರಾಜನ್ ಅವರ ಪ್ರಯೋಗಾಲಯ ಇಂಥ ಪ್ರಶ್ನೆಗಳಿಗೆಂದೇ ಇದೆ. ಅವರು ಉಪಯೋಗಿಸುವ ಗಣಿತಕ್ಕೆ ಟೊಪಾಲಜಿ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ, ಅದು ನಮ್ಮ ಟಬ್ಬಿನದೇ ಗಣಿತ.

ಟಬ್ಬಿನಲ್ಲಿ ಈಗ ನೀರನ್ನು ಇಳಿಸುತ್ತ ಬನ್ನಿ. ಮೊದಲು ಎತ್ತರದ ತಲೆ ಕಾಣುತ್ತದೆ, ಒಂದು ನಡುಗಡ್ಡೆ ಹುಟ್ಟಿತು. ಇನ್ನಷ್ಟು ಇಳಿದಾಗ ಎರಡನೆಯ ತಲೆ, ಎರಡನೆಯ ನಡುಗಡ್ಡೆ. ಮತ್ತೂ ಇಳಿದಾಗ ನಡುವಿನ ಕಣಿವೆ ಮೇಲೆದ್ದು ಎರಡೂ ಒಂದಾಗುತ್ತವೆ. ಹುಟ್ಟಿದ್ದು ಯಾವ ಎತ್ತರದಲ್ಲಿ, ಕೂಡಿದ್ದು ಯಾವ ಎತ್ತರದಲ್ಲಿ ಎಂದು ಬರೆದುಕೊಂಡರೆ ವಂಶವೃಕ್ಷದಂಥ ಒಂದು ಗಿಡ ಬರುತ್ತದೆ. ಕೋಟ್ಯಂತರ ಅಂಕಿಗಳ ಗುಡ್ಡ ಒಂದು ಪುಟದ ಗಿಡವಾಗುತ್ತದೆ. ಕೆಲವು ನಡುಗಡ್ಡೆಗಳು ಹುಟ್ಟಿದ ಕೂಡಲೇ ಪಕ್ಕದ್ದರ ಜೊತೆ ಕೂಡಿಬಿಡುತ್ತವೆ. ಮಣ್ಣು ಮೆತ್ತುವಾಗ ನಮ್ಮ ಬೆರಳಿನಿಂದ ಆದ ಉಬ್ಬುಗಳು ಅವು, ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಬಹಳ ಹೊತ್ತು ಬೇರೆಯಾಗಿಯೇ ಉಳಿದದ್ದು ನಿಜವಾದ ಗುಡ್ಡ. ಯಾವುದು ಬೆರಳಚ್ಚು, ಯಾವುದು ಗುಡ್ಡ ಎಂದು ಹೀಗೆ ಅಳತೆ ಹಾಕಿ ಹೇಳಬಹುದು. ಸಮುದ್ರದ ಉಪ್ಪುನೀರಿನ ವಿಷಯದಲ್ಲಿ ಅದರ ಮುಂದಿನ ಅಂಚನ್ನು, ಮತ್ತು ಮುದ್ದೆಯ ಒಳಗಿನ ಎಲುಬುಗೂಡಿನಂಥ ನಡುಗೆರೆಯನ್ನು ಹುಡುಕಿ, ದಿನದಿಂದ ದಿನಕ್ಕೆ ಜೋಡಿಸಿದರು. ಆಗ ಮುದ್ದೆ ಹೋಗಿ ದಾರಿ ಆಯಿತು. ಈ ಕೆಲಸ 2022ರಲ್ಲಿ ಪ್ರಕಟವಾಯಿತು. ಸಮುದ್ರ ತಿಳಿದವರು ಮತ್ತು ಗಣಿತ ತಿಳಿದವರು ಒಂದೇ ಮೇಜಿನ ಸುತ್ತ ಕುಳಿತದ್ದರಿಂದ ಅದು ಆಯಿತು. ಹೊರಗಿನಿಂದ ನೋಡಿದರೆ ಸಣ್ಣ ಮಾತು ಎನಿಸುತ್ತದೆ. ಒಳಗಿದ್ದವರಿಗೆ ಗೊತ್ತು ಅದು ಎಷ್ಟು ಅಪರೂಪ ಎಂದು.

ಆದರೆ ಚಿತ್ರ ನೋಡಿ ಹೊಸದನ್ನು ಕಾಣಲು ದೊಡ್ಡ ಯಂತ್ರವೇ ಬೇಕು ಎಂದು ಮಕ್ಕಳು ತಿಳಿಯಬಾರದು. ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು 1980ರಲ್ಲಿ ಡಿ.ಆರ್. ಸಿಕ್ಕಾ ಅವರ ಜೊತೆ ಬರೆದ ಒಂದು ಲೇಖನ ಇದೆ. ಉಪಗ್ರಹ ತೆಗೆದ ಮೋಡದ ಚಿತ್ರಗಳನ್ನು ಅವರು ದಿನದ ನಂತರ ದಿನ ಇಟ್ಟು ನೋಡಿದರು. ಪ್ರತಿ ದಿನ ಮೋಡದ ಪಟ್ಟಿ ಯಾವ ಅಕ್ಷಾಂಶದಲ್ಲಿ ಇತ್ತು ಎಂದಷ್ಟೇ ಗುರುತು ಹಾಕಿದರು. ಅಡ್ಡಗೆರೆಯಲ್ಲಿ ದಿನ, ಉದ್ದಗೆರೆಯಲ್ಲಿ ಅಕ್ಷಾಂಶ; ಆಕಾಶದ ಉಳಿದೆಲ್ಲವನ್ನೂ ಬಿಟ್ಟರು. ಆಗ ಕಂಡಿತು, ಸಮಭಾಜಕದ ಹತ್ತಿರ ಸಮುದ್ರದ ಮೇಲೆ ಮೋಡದ ಪಟ್ಟಿ ಹುಟ್ಟಿ, ಎರಡರಿಂದ ಆರು ವಾರಕ್ಕೊಮ್ಮೆ ಉತ್ತರಕ್ಕೆ ನಡೆದು ನಮ್ಮ ನೆಲದ ಮೇಲೆ ಬರುತ್ತದೆ ಎಂದು. ಮುಂಗಾರು ಯಾಕೆ ಕೆಲವು ದಿನ ಜೋರಾಗಿ, ಕೆಲವು ದಿನ ಕೈಕೊಟ್ಟು ನಿಲ್ಲುತ್ತದೆ ಎನ್ನುವುದರ ಒಂದು ದೊಡ್ಡ ಎಳೆ ಹಾಗೆ ಸಿಕ್ಕಿತು. ಅವರು ಪಾವಗಡದ ಶೇಂಗಾ ರೈತರ ಜೊತೆಗೂ ಕುಳಿತು ಬಿತ್ತನೆಯ ಕಾಲದ ಬಗ್ಗೆ ಕೆಲಸ ಮಾಡಿದವರು. 2025ರ ಜುಲೈಯಲ್ಲಿ ತೀರಿಕೊಂಡರು. ನಮ್ಮ ಹೆಣ್ಣುಮಕ್ಕಳು ಅವರ ಹೆಸರು ಕೇಳಿರಲಿ ಎಂದು ಹೇಳಿದೆ.

ಇಲ್ಲಿಯವರೆಗೆ ಹೇಳಿದ್ದು ಬೇರೆಯವರ ಒಳ್ಳೆಯ ಕೆಲಸ. ಈಗ ನನ್ನದೇ ಕೆಟ್ಟ ಕೆಲಸ ಒಂದನ್ನು ಹೇಳಬೇಕು. ಇದನ್ನು ಹೇಳಲೋ ಬೇಡವೋ ಎಂದು ಬರುವಾಗ ರೈಲಿನಲ್ಲಿ ಯೋಚನೆ ಮಾಡುತ್ತ ಬಂದೆ. ನಮ್ಮ ಅಣ್ಣ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅವನನ್ನು ಕೇಳಿದೆ. 'ಹೇಳು, ಅದರಾಗೇನದ' ಎಂದ.

2020ರ ಅಕ್ಟೋಬರ್ ನಿಮಗೆ ನೆನಪಿದೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ 13ನೆಯ ತಾರೀಖು ಬೆಳಿಗ್ಗೆ ಕಾಕಿನಾಡದ ಬಳಿ ದಡ ದಾಟಿತು. ದಡ ದಾಟಿದ ಮೇಲೆ ಕುಸಿತಗಳು ಸಾಮಾನ್ಯವಾಗಿ ಕರಗಿ ಹೋಗುತ್ತವೆ. ಇದು ತೆಲಂಗಾಣ, ನಮ್ಮ ಕಡೆ, ಮಹಾರಾಷ್ಟ್ರ ಎಂದು ಇಡೀ ನೆಲವನ್ನೇ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಆ ರಾತ್ರಿ ಹೈದರಾಬಾದ್ ಮುಳುಗಿತು. ಮುಂದೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳು ಏನು ಅನುಭವಿಸಿದವು ಎನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

12ರ ರಾತ್ರಿ ಅಣ್ಣ ಫೋನ್ ಮಾಡಿದ. 'ತಮ್ಮಾ, ನಾಕ್ ಎಕರೆ ಸೋಯಾ ಕೊಯ್ದು ಹೊಲದಾಗೇ ಬಿಟ್ಟೀವಿ. ಆಳು ಸಿಗವಲ್ರು. ನಾಳಿ ಬಣವಿ ಹಾಕ್ಲೇಬೇಕೋ, ಎರಡು ದಿನ ತಡಿಬಹುದೋ? ನೀ ದೊಡ್ಡ ಕಂಪ್ಯೂಟರಿನಾಗ ನೋಡಿ ಹೇಳು' ಎಂದ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಅಭ್ಯಾಸಕ್ಕೆಂದು ನಾನೇ ಓಡಿಸಿದ ಒಂದು ಲೆಕ್ಕದ ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲಿ ಇತ್ತು. ಬಣ್ಣ ಹಚ್ಚಿದವನೂ ನಾನೇ. ತೆರೆದು ನೋಡಿದೆ. ಕರಾವಳಿಯ ಹತ್ತಿರ ಕೆಂಪು, ಹೈದರಾಬಾದಿನ ಸುತ್ತ ಕಿತ್ತಳೆ, ಕಲಬುರಗಿಯ ಮೇಲೆ ತಿಳಿಹಸಿರು. ಹಸಿರು ಕಂಡು ಮನಸ್ಸಿಗೆ ಸಮಾಧಾನ ಆಯಿತು. 'ಮಳೆ ಬರ್ತದ, ಆದ್ರ ಭಾಳ ಏನಿಲ್ಲ. ಆಳು ಸಿಕ್ಕಾಗ ಹಾಕು' ಎಂದು ಹೇಳಿ ಮಲಗಿಬಿಟ್ಟೆ.

ಮರುದಿನ ಮಳೆ ಹಿಡಿಯಿತು. ಬಿಡುವಷ್ಟರಲ್ಲಿ ಹೊಲದಲ್ಲಿ ನೀರು ನಿಂತು ಸೋಯಾ ಊದಿ, ಕಾಯೊಳಗೇ ಮೊಳಕೆ ಒಡೆಯಿತು. ನಾಲ್ಕು ಎಕರೆಯದು ದನಕ್ಕೂ ಆಗಲಿಲ್ಲ.

ಲೆಕ್ಕ ತಪ್ಪಾಗಿತ್ತೇ ಎಂದು ಆಮೇಲೆ ತೆರೆದು ನೋಡಿದೆ. ಇಲ್ಲ. ಆ ತಿಳಿಹಸಿರಿನ ಕೆಳಗಿದ್ದ ಸಂಖ್ಯೆ ನೂರು ಮಿಲಿಮೀಟರ್ ದಾಟಿತ್ತು! ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆಯಾಗುವ ನಮ್ಮ ಸೀಮೆಯಲ್ಲಿ ಒಂದು ದಿನಕ್ಕೆ ನೂರು. ಹವಾಮಾನ ಇಲಾಖೆ 64.5 ಮಿಲಿಮೀಟರ್ ಆದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ ಎನ್ನುತ್ತದೆ. ಕರಾವಳಿಯಲ್ಲಿ ಲೆಕ್ಕ ಮುನ್ನೂರರ ಹತ್ತಿರ ಹೋಗಿದ್ದರಿಂದ ನಾನು ಬಣ್ಣದ ಪಟ್ಟಿಯನ್ನು ಸೊನ್ನೆಯಿಂದ ಮುನ್ನೂರರವರೆಗೆ ಎಳೆದಿದ್ದೆ. ನೀಲಿಯಿಂದ ಕೆಂಪಿನವರೆಗೆ ಕಾಮನಬಿಲ್ಲಿನ ಬಣ್ಣ. ಮುನ್ನೂರರಲ್ಲಿ ನೂರು ಎಂದರೆ ಹಸಿರು. ಯಂತ್ರ ಸರಿಯಾಗಿ ಹೇಳಿತ್ತು, ನನ್ನ ಬಣ್ಣ ಸುಳ್ಳು ಹೇಳಿತು. ಮತ್ತು ವರ್ಷಗಟ್ಟಲೆ ಇದೇ ಕೆಲಸ ಮಾಡಿದ ನಾನು, ಬಣ್ಣದ ಪಟ್ಟಿಯ ಪಕ್ಕದ ಸಂಖ್ಯೆಗಳನ್ನು ಓದದೆ ಬಣ್ಣವನ್ನು ನಂಬಿದೆ. ಇಲಾಖೆಯ ಎಚ್ಚರಿಕೆ ನೋಡು ಎಂದು ಒಂದು ಮಾತು ಹೇಳಿದ್ದರೂ ಸಾಕಿತ್ತು.

ಕಾಮನಬಿಲ್ಲಿನ ಬಣ್ಣಗಳಲ್ಲಿ ದೋಷ ಇದೆ ಎಂದು ಈ ಕ್ಷೇತ್ರದವರು ಬಹಳ ವರ್ಷದಿಂದ ಹೇಳುತ್ತ ಬಂದಿದ್ದಾರೆ. ಹಳದಿ ಎಲ್ಲಕ್ಕಿಂತ ಹೊಳೆಯುತ್ತದೆ, ಹಾಗಾಗಿ ಏನೂ ಇಲ್ಲದ ಕಡೆ ಅಂಚು ಇದ್ದಂತೆ ತೋರುತ್ತದೆ. ಹಸಿರು ಅಗಲವಾಗಿ ಹರಡಿ ನಿಜವಾದ ಏರಿಳಿತವನ್ನು ಮುಚ್ಚುತ್ತದೆ. ಕೆಂಪು-ಹಸಿರು ಬೇರೆ ಮಾಡಲು ಆಗದ ಕಣ್ಣುಳ್ಳ ಗಂಡಸರು ನಮ್ಮ ನಡುವೆಯೂ ಇದ್ದಾರೆ, ಅವರಿಗಂತೂ ಆ ಚಿತ್ರ ಬರೀ ಗೊಂದಲ. ವಿಜ್ಞಾನಿಗಳು ಹೆಚ್ಚು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ತಂತ್ರಾಂಶ 2017ರಲ್ಲಿ ತನ್ನ ಕಾಮನಬಿಲ್ಲನ್ನು ಬಿಟ್ಟು, ಕಡುನೇರಳೆಯಿಂದ ಹಳದಿಗೆ ಒಂದೇ ಸಮ ಬೆಳಕಾಗುತ್ತ ಹೋಗುವ ಬಣ್ಣಗಳಿಗೆ ಬಂತು. ಇದೆಲ್ಲ ನನಗೆ ಗೊತ್ತಿತ್ತು. ಹೊಸಬರಿಗೆ ಪಾಠವನ್ನೂ ಮಾಡಿದ್ದೆ. ಕಾಮನಬಿಲ್ಲು ನೋಡಲು ಚೆಂದ ಎಂದು ಬಿಟ್ಟಿರಲಿಲ್ಲ ಅಷ್ಟೆ.

ಅಣ್ಣ ಒಂದು ಮಾತೂ ಅನ್ನಲಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ನಾನೇ ಲ್ಯಾಪ್‌ಟಾಪ್ ತೆಗೆದು ತೋರಿಸಿ ಹೀಗಾಯಿತು ಎಂದೆ. ಅವನು ಬಹಳ ಹೊತ್ತು ನೋಡಿ, 'ಇದರಾಗ ನಮ್ಮ ಹೊಲ ಎಲ್ಲದ?' ಎಂದ. ತೋರಿಸಿದೆ. 'ಇಷ್ಟ್ ಮಳಿ ಬಂದ್ರ ಸೋಯಾ ಕೆಡ್ತದ, ಇಷ್ಟಕ್ಕ ಕೆಡಂಗಿಲ್ಲ ಅಂತ ಇದರಾಗ ಬರದ್ರ ನನಗ ತಿಳೀತದ. ಬಣ್ಣ ತಗೊಂಡು ನಾ ಏನ್ ಮಾಡ್ಲಿ?' ಎಂದ. ಅಂದಿನಿಂದ ನಾನು ಮಾಡುವ ಮಳೆ ಚಿತ್ರಗಳಲ್ಲಿ ಬಣ್ಣದ ಮೆಟ್ಟಿಲುಗಳನ್ನು ಎಳೆಯುವ ಮೊದಲು ಕೇಳುತ್ತೇನೆ, ಇದನ್ನು ನೋಡುವವರು ಯಾರು, ಎಷ್ಟು ಮಳೆಗೆ ಅವರ ಕೆಲಸ ಬದಲಾಗುತ್ತದೆ ಎಂದು. ತೊಗರಿ ಹೂ ಬಿಡುವಾಗಿನ ಮೆಟ್ಟಿಲು ಬೇರೆ, ಸೋಯಾ ಕೊಯ್ದಾಗಿನದು ಬೇರೆ, ಕಮಲಾಪುರದ ಕೆಂಪುಬಾಳೆಯ ತೋಟಕ್ಕೆ ಬಿರುಗಾಳಿಯದೇ ಚಿಂತೆ, ಇಲ್ಲಿನ ದಾಲ್‌ಮಿಲ್ಲಿನ ಅಂಗಳದಲ್ಲಿ ಬೇಳೆ ಒಣಗಿಸುವವರಿಗೆ ಹತ್ತು ಮಿಲಿಮೀಟರೂ ಹೆಚ್ಚು.

ನನ್ನ ತಪ್ಪಿನಲ್ಲಿ ಇನ್ನೊಂದು ಭಾಗ ಇದೆ. ನಾನು ನೋಡಿದ್ದು ಒಂದೇ ಲೆಕ್ಕದ ಚಿತ್ರ. 1961ರಲ್ಲಿ ಎಡ್ವರ್ಡ್ ಲೊರೆನ್ಜ್ ಎಂಬ ಅಮೆರಿಕದ ವಿಜ್ಞಾನಿ ಒಂದು ಹವಾಮಾನ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಿದ. ಯಂತ್ರದ ಒಳಗೆ 0.506127 ಎಂದಿದ್ದ ಸಂಖ್ಯೆಯನ್ನು ಕಾಗದದಲ್ಲಿ ಅಚ್ಚಾದಂತೆ 0.506 ಎಂದು ಕೊಟ್ಟ. ಕಾಫಿ ಕುಡಿದು ಬರುವಷ್ಟರಲ್ಲಿ ಎರಡು ಲೆಕ್ಕಗಳ ಹವೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಆಗಿತ್ತು. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮುಂದೆ ಹವೆ ಬೇರೆಯಾಗಬಹುದು. ಅದಕ್ಕೇ ಈಗ ಒಂದು ಲೆಕ್ಕ ಮಾಡಿ ಬಿಡುವುದಿಲ್ಲ. ನಮ್ಮ ದೇಶದಲ್ಲಿ 2018ರಿಂದ ಆರಂಭವನ್ನು ಸ್ವಲ್ಪ ಸ್ವಲ್ಪ ಬದಲಿಸಿ 21 ಲೆಕ್ಕ ಓಡಿಸುವ ವ್ಯವಸ್ಥೆ ಬಂತು. ಇಪ್ಪತ್ತೊಂದರಲ್ಲಿ ಹದಿನೆಂಟು ಲೆಕ್ಕ ಭಾರೀ ಮಳೆ ಎಂದರೆ ಬಣವಿ ಹಾಕಲೇಬೇಕು. ಐದು ಎಂದರೆ ಆಳಿನ ಕೂಲಿ, ಬೆಳೆಯ ಬೆಲೆ ನೋಡಿ ರೈತನೇ ತೀರ್ಮಾನಿಸಬೇಕು. ಆದರೆ ಇಪ್ಪತ್ತೊಂದು ಆಕಾಶಗಳನ್ನು ಒಂದು ಫೋನಿನ ಪರದೆಯಲ್ಲಿ, ಇಂಗ್ಲಿಷ್ ಬಾರದ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ಮನುಷ್ಯನಿಗೆ ಹೇಗೆ ತೋರಿಸುವುದು? ಸರಾಸರಿ ತೋರಿಸಿದರೆ ಕೆಟ್ಟದ್ದು ಮುಚ್ಚಿಹೋಗುತ್ತದೆ. ಎಲ್ಲ ಗೆರೆ ಎಳೆದರೆ ಶಾವಿಗೆ ಬೋಗುಣಿ. ಇದಕ್ಕೆ ಒಳ್ಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಇಲ್ಲಿ ಕುಳಿತವರಲ್ಲಿ ಯಾರಿಗಾದರೂ ಹೊಳೆದರೆ ಹೇಳಿ, ನಾನು ಕಲಿಯುತ್ತೇನೆ.

ಸಮಯ ಆಯಿತು ಎಂದು ನಿರೂಪಕರು ಚೀಟಿ ಕಳಿಸಿದ್ದಾರೆ. ಎರಡು ಮಾತು ಹೇಳಿ ಕೂಡುತ್ತೇನೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ಹಾಕಿದ್ದಾರೆ. ಅವು ಮಳೆಯ ಲೆಕ್ಕವನ್ನು ತಾವೇ ಕಳಿಸುತ್ತವೆ. ಒಂಬತ್ತನೆಯ ತರಗತಿಯ ಮಕ್ಕಳು ನಮ್ಮ ಶಾಲೆಯ ಮಾಳಿಗೆಯ ಮೇಲೂ ಒಂದು ಸಾದಾ ಮಳೆಮಾಪಕ ಇಟ್ಟು ದಿನಾಲು ಬರೆದಿಟ್ಟರೆ, ನಮ್ಮ ಮಾಳಿಗೆಗೂ ಹತ್ತಿರದ ಮಾಪಕಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ ನೋಡಬಹುದು. ಒಂದೇ ಓಣಿಯಲ್ಲಿ ಆ ಕಡೆ ಮಳೆ, ಈ ಕಡೆ ಬಿಸಿಲು ಬೀಳುವುದು ನಿಮಗೆ ಗೊತ್ತಲ್ಲ.

ಎರಡನೆಯದು, ನಾನು ಹೇಳಿದ ಕೆಲಸಗಳಿಗೆ ಬೇಕಾದ ಪ್ಯಾರಾವ್ಯೂ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹಳೆಯ ವಿದ್ಯಾರ್ಥಿ ಬಳಗ ಕೊಟ್ಟ ಕಂಪ್ಯೂಟರುಗಳಲ್ಲಿ ಎರಡರಲ್ಲಿ ಅದನ್ನು ನಿನ್ನೆ ಸಂಜೆ ಹಾಕಿದ್ದೇನೆ. ಒಂದು ನಿಧಾನ ಇದೆ, ಬಯ್ಯಬೇಡಿ. ಅದರಲ್ಲಿ 2020ರ ಅಕ್ಟೋಬರಿನ ಆ ಮಳೆಯ ಅಂಕಿಗಳನ್ನು ಇಟ್ಟಿದ್ದೇನೆ. ಗೋಡೆಗೆ ಎರಡು ಚಿತ್ರ ಅಂಟಿಸಿದ್ದೇನೆ, ಒಂದು ಅಂದು ನಾನು ಮಾಡಿದ್ದು, ಒಂದು ಆಮೇಲೆ ತಿದ್ದಿದ್ದು. ಅಂಕಿ ಎರಡರಲ್ಲೂ ಒಂದೇ. ಯಾವುದು ಯಾವುದು ಎಂದು ಬರೆದಿಲ್ಲ. ಊಟದ ಬಿಡುವಿನಲ್ಲಿ ಹೋಗಿ ನೋಡಿ, ಸಂಜೆ ನನಗೆ ಹೇಳಿ. ಟಬ್ಬೂ ಅಲ್ಲೇ ಇದೆ. ಎರೆಮಣ್ಣು ಮಾತ್ರ ನೀವೇ ತರಬೇಕು.